ಬಚ್ಚಲುಮನೆಗೆ ಮರಳಿದ ಅಂಟುವಾಳ

ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಮನೆಗೆ ಬಂದ ಅನೇಕರು ಮೊದಲು ಕೈಹಾಕುವುದು ಬಚ್ಚಲುಮನೆಯ ಗೂಡಿಗೆ. ನಿನ್ನೆವರೆಗೂ ಕಣ್ಣುಮುಚ್ಚಿ ಬಳಸುತ್ತಿದ್ದ ಶಾಂಪೂ, ಲೋಷನ್, ಫಿನಾಯಿಲುಗಳ ಮೇಲೆಲ್ಲ ಅನುಮಾನ ಹುಟ್ಟುತ್ತದೆ. ಅವು ಹೊರಗೆ ಹೋಗಿ ಸೀಗೆಪುಡಿ, ಕಡಲೆಹಿಟ್ಟು, ಕೊಬ್ಬರಿ ಎಣ್ಣೆ ಒಳಗೆ ಬರುತ್ತವೆ. ಬರಲಿ, ಸಂತೋಷ. ಆದರೆ ಯಾವುದು ಯಾವಾಗ ಬರಬೇಕು ಎನ್ನುವುದೂ ಮುಖ್ಯ.

ರೇಡಿಯೇಷನ್ ತಗುಲಿದ ಜಾಗದಲ್ಲಿ ಚರ್ಮ ಕೆಂಪಾಗಿ, ಒಣಗಿ, ಕೆಲವರಿಗೆ ಸುಲಿದೂ ಹೋಗುತ್ತದೆ. ಕೀಮೋ ನಡೆಯುವಾಗ ಬಿಳಿ ರಕ್ತಕಣಗಳು ಇಳಿದಿರುವುದರಿಂದ ಸಣ್ಣ ಬಿರುಕಿನಲ್ಲೂ ಸೋಂಕು ನುಗ್ಗಬಹುದು. ಅಂಥ ಮೈಗೆ ಅರಿಸಿನ, ನಿಂಬೆರಸ ಹಚ್ಚುವುದಾಗಲಿ ಹಿಟ್ಟು ಹಾಕಿ ತಿಕ್ಕುವುದಾಗಲಿ ಸಲ್ಲದು. ಉಗುರುಬೆಚ್ಚಗಿನ ನೀರು, ಪರಿಮಳವಿಲ್ಲದ ಸೌಮ್ಯ ಸೋಪು, ವೈದ್ಯರು ಬರೆದುಕೊಟ್ಟ ಮುಲಾಮು ಸಾಕು. ಗಿಡಮೂಲದ್ದಾದರೆ ಅಪಾಯವಿಲ್ಲ ಎಂಬ ನಂಬಿಕೆಯೂ ಬೇಡ. ಲ್ಯಾವೆಂಡರ್ ಎಣ್ಣೆಯ ಲಿನಲೂಲ್, ಕಿತ್ತಳೆ ಸಿಪ್ಪೆಯ ಲಿಮೊನೀನ್ ಗಾಳಿಗೆ ಒಡ್ಡಿಕೊಂಡು ಹಳತಾದರೆ ಅಲರ್ಜಿ ತರುತ್ತವೆ. ಲೇಬಲ್ಲಿನಲ್ಲಿ ‘ನ್ಯಾಚುರಲ್’ ಹುಡುಕುವವರು ಅದರ ಬದಲು ಪರಿಮಳ ಸೇರಿಸಿಲ್ಲವೇ ಎಂದು ನೋಡುವುದು ಲೇಸು.

ಭಯದಿಂದ ಮಾಡಿದ ಬದಲಾವಣೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಪ್ಯಾರಾಬೆನ್‌ಗಳ ಕತೆಯೇ ಸಾಕ್ಷಿ. 2004ರಲ್ಲಿ ಬ್ರಿಟನ್ನಿನ ವಿಜ್ಞಾನಿ ಫಿಲಿಪಾ ಡಾರ್ಬ್ರೆ ಮತ್ತು ಸಂಗಡಿಗರು ಸ್ತನ ಕ್ಯಾನ್ಸರಿನ 20 ಗಡ್ಡೆಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಈ ಸಂರಕ್ಷಕಗಳನ್ನು ಪತ್ತೆಮಾಡಿದರು. ಕ್ಯಾನ್ಸರಿಗೆ ಅವೇ ಕಾರಣ ಎಂದು ಆ ಅಧ್ಯಯನ ತೋರಿಸಿರಲಿಲ್ಲ. ಆರೋಗ್ಯವಂತ ಅಂಗಾಂಶದ ಜೊತೆ ಹೋಲಿಸಿಯೂ ಇರಲಿಲ್ಲ. ಆದರೂ ಸುದ್ದಿ ಹಬ್ಬಿತು. ಪ್ಯಾರಾಬೆನ್ ಬಿಟ್ಟ ಎಷ್ಟೋ ಕ್ರೀಮುಗಳಿಗೆ ಮೀಥೈಲ್‌ಐಸೊಥಯಾಜೊಲಿನೋನ್ ಎಂಬ ಬೇರೊಂದು ಸಂರಕ್ಷಕ ಬಂತು. ಯುರೋಪಿನ ಚರ್ಮರೋಗ ಕ್ಲಿನಿಕ್ಕುಗಳಿಗೆ ತುರಿಕೆ, ದದ್ದು ಹೊತ್ತು ಬರುವವರು ಹೆಚ್ಚಿದರು. 2013ರಲ್ಲಿ ಅಮೆರಿಕನ್ ಕಾಂಟ್ಯಾಕ್ಟ್ ಡರ್ಮಟೈಟಿಸ್ ಸೊಸೈಟಿ ಅದನ್ನೇ ವರ್ಷದ ಅಲರ್ಜಿಕಾರಕ ಎಂದು ಹೆಸರಿಸಿತು. ಹಚ್ಚಿ ಹಾಗೇ ಬಿಡುವ ಕ್ರೀಮುಗಳಲ್ಲಿ ಯುರೋಪಿಯನ್ ಒಕ್ಕೂಟ ಮುಂದೆ ಅದನ್ನು ನಿಷೇಧಿಸಿತು.

ಚರ್ಮ ಮಾಗಿ, ವೈದ್ಯರು ಸರಿ ಎಂದ ಮೇಲೆ ಸೀಗೆಕಾಯಿಯ ಸರದಿ. ಪೊಟ್ಟಣದ ಪುಡಿಗಿಂತ ಗ್ರಂಥಿಗೆ ಅಂಗಡಿಯ ಇಡೀ ಕಾಯಿ ಯಾವತ್ತೂ ಮೇಲು. ಮುರಿದರೆ ಪಟಕ್ಕೆನ್ನಬೇಕು, ಬಾಗಿದರೆ ತೇವ ಉಳಿದಿದೆ, ಬೂಷ್ಟು ಹಿಡಿಯುತ್ತದೆ. ಎರಡು ಬಿಸಿಲು ಚೆನ್ನಾಗಿ ಒಣಗಿಸಿ, ಬೀಜ ತೆಗೆದು, ಹಿಡಿ ಮೆಂತ್ಯ, ಒಂದಿಷ್ಟು ಹೆಸರುಕಾಳು ಸೇರಿಸಿ ಬೀಸಿಸಬೇಕು. ಖಾರದಪುಡಿ ಮಾಡುವ ಮಿಲ್ಲಿನಲ್ಲಿ ಮಾತ್ರ ಬೇಡ. ಜರಡಿ ಹಿಡಿಯುವಾಗ ಏಳುವ ಧೂಳಿಗೆ ಗಟ್ಟಿಮುಟ್ಟಾದವರೇ ಸೀನುತ್ತಾರೆ, ಆ ಕೆಲಸ ಮನೆಯ ಬೇರೆಯವರದ್ದಾಗಲಿ. ಸಾಮಾನ್ಯ ಸೋಪಿನ ಪಿಎಚ್ 9ರಿಂದ 10. ಚರ್ಮದ್ದು 5ರ ಆಸುಪಾಸು. ಸೀಗೆಯ ನೀರು ತುಸು ಆಮ್ಲೀಯವಾದ್ದರಿಂದ ಚರ್ಮದ ಗುಣಕ್ಕೆ ಹತ್ತಿರ. ಕಣ್ಣಿಗೆ ಬಿದ್ದರೆ ಮಾತ್ರ ಉರಿ ತಪ್ಪಿದ್ದಲ್ಲ.

ಅಂಟುವಾಳದ ಸೊಗಸೇ ಬೇರೆ. ಬೀಜ ಬಿಡಿಸಿದ ಸಿಪ್ಪೆಯನ್ನು ರಾತ್ರಿ ನೆನೆಹಾಕಿ, ಬೆಳಗ್ಗೆ ಕುದಿಸಿ, ಆರಿದ ಮೇಲೆ ಕಿವುಚಿ, ತೆಳುಬಟ್ಟೆಯಲ್ಲಿ ಸೋಸಿದರೆ ಜೇನುಬಣ್ಣದ ನೀರು ಸಿಗುತ್ತದೆ. ಅಲುಗಾಡಿಸಿದೊಡನೆ ಸ್ಯಾಪೊನಿನ್‌ಗಳ ನೊರೆ ಏಳುತ್ತದೆ. ರೇಷ್ಮೆ ಸೀರೆ, ಉಣ್ಣೆ ಶಾಲು, ಬೆಳ್ಳಿ ದೀಪ ಎಲ್ಲಕ್ಕೂ ಅದು ಒಗ್ಗುತ್ತದೆ. ಸಂರಕ್ಷಕವಿಲ್ಲದ್ದರಿಂದ ಫ್ರಿಜ್ಜಿನಲ್ಲಿಟ್ಟರೂ ಕೆಲವೇ ದಿನ ಬಾಳುತ್ತದೆ. ಹುಳಿವಾಸನೆ ಬಂದರೆ ಚೆಲ್ಲಬೇಕು.

ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ಸಾಕು. ಆದರೆ ಬ್ಲೀಚಿಂಗ್ ಪೌಡರ್ ಹಾಕಿದ ಕಡೆ ನಿಂಬೆರಸ, ವಿನೆಗರ್ ಸುರಿಯಬಾರದು, ಕ್ಲೋರಿನ್ ಅನಿಲ ಹೊರಡುತ್ತದೆ. ಚಿಕಿತ್ಸೆಯಿಂದ ಬಳಲಿದ ಶ್ವಾಸಕೋಶಕ್ಕೆ ಅದರಷ್ಟು ಕೆಡುಕು ಮತ್ತೊಂದಿಲ್ಲ.

ಕೀಮೋ ಮುಗಿದು ಹೊಸ ಕೂದಲು ಮೊಳೆತಾಗ ಅನೇಕರಿಗೆ ಬಣ್ಣದ ಆಸೆ. ಮದರಂಗಿಯ ಲಾಸೋನ್ ಕೊಡುವುದು ಕೆಂಪು–ಕಂದು ಬಣ್ಣವನ್ನು ಮಾತ್ರ. ನಿಮಿಷಗಳಲ್ಲಿ ಕಡುಗಪ್ಪಾಗುವ ‘ಕಪ್ಪು ಮೆಹಂದಿ’ಯಲ್ಲಿ ಸಾಮಾನ್ಯವಾಗಿ ಇರುವುದು ಪಿಪಿಡಿ ಎಂಬ ರಾಸಾಯನಿಕ, ತೀವ್ರ ಅಲರ್ಜಿ, ಬೊಬ್ಬೆಗಳಿಗೆ ಅದು ಹೆಸರುವಾಸಿ. ಬರೀ ಮದರಂಗಿ ಸೊಪ್ಪಿನ ಪುಡಿಯನ್ನೇ ಕೇಳಿ ತರಬೇಕು. ವೈದ್ಯರನ್ನು ಕೇಳಿ, ಕಿವಿಯ ಹಿಂದೆ ಚೂರು ಹಚ್ಚಿ ಎರಡು ದಿನ ಕಾದು, ತುರಿಕೆ ಕಾಣದಿದ್ದರೆ ಆಮೇಲೆ ತಲೆಗೆ.