ಹಿಟ್ಟಿನ ಕೋಳಿ ಮತ್ತು ಬಣ್ಣದ ಸೈನ್ಯ

ಇಂಗ್ಲೆಂಡಿನಲ್ಲಿ 1983ರಲ್ಲಿ ಪ್ರಕಟವಾದ ‘ವಾರ್‌ಹ್ಯಾಮರ್’ ಎಂಬ ಮೇಜಿನ ಮೇಲಿನ ಯುದ್ಧಕ್ರೀಡೆಯಲ್ಲಿ ಕಲ್ಪಿತ ಸೈನ್ಯಕ್ಕೆ ಸಾಮಾನ್ಯವಾಗಿ ಆಟಗಾರನೇ ಬಣ್ಣ ಹಚ್ಚುತ್ತಾನೆ. ಅಂಗುಲದೆತ್ತರದ ಭಟನಿಗೆ ಮೊದಲು ಅಡಿಬಣ್ಣ, ಬಳಿಕ ನೀರಾಗಿಸಿದ ಕಡುಬಣ್ಣ ಮಡಿಕೆಗಳಿಗೆ ಇಳಿದು ನೆರಳಾಗುತ್ತದೆ, ಒಣಕುಂಚ ಸವರಿದಾಗ ಕವಚದ ಅಂಚುಗಳು ಬೆಳಗುತ್ತವೆ, ಕಡೆಗೆ ಕಣ್ಣು. ಇಷ್ಟು ತಾಳ್ಮೆಯ ಕೆಲಸವನ್ನು ಹುಡುಗಾಟವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಆದರೆ ಹೀಗೆ ಕಣ್ಣು ತೆರೆಸಿಕೊಂಡ ಭಟನು ದಾಳ ಉರುಳಿದೊಡನೆ ‘ಸತ್ತ’ನೆಂದು ಮೇಜಿನಿಂದ ಸರಿಯುತ್ತಾನೆ. ಜನ್ನನ ‘ಯಶೋಧರ ಚರಿತೆ’ಯನ್ನು ಬಲ್ಲವರಿಗೆ ಇಲ್ಲಿ ಹಿಟ್ಟಿನ ಕೋಳಿ ನೆನಪಾಗದಿರದು. ಅಲ್ಲಿಯೂ ಜೀವವಿಲ್ಲದ ರೂಪ; ಆದರೂ ಸಂಕಲ್ಪಹಿಂಸೆಯ ಫಲವಾಗಿ ತಾಯಿ-ಮಗ ಭವಭವಗಳಲ್ಲಿ ತೊಳಲಿದರು. ಎರಡೂ ಒಂದೇ ಎನ್ನುವುದು ಮಾತ್ರ ಅವಸರದ ತೀರ್ಪು. ಯಶೋಧರನದು ಬಲಿ, ಕೋಳಿಯ ಬದಲಿಗೆ ಹಿಟ್ಟು. ಆಟಗಾರನ ಭಟನು ಯಾರ ಬದಲಿಗೂ ಸಾಯುವುದಿಲ್ಲ. ಆಡುವವನಲ್ಲಿ ದ್ವೇಷ ಕೆರಳಿತೇ, ಗೆದ್ದಾಗ ಮಾನಕಷಾಯ ಬೆಳೆಯಿತೇ ಎಂಬುದೇ ವಿಚಾರಣೀಯ. 1913ರಲ್ಲಿ ‘ಲಿಟಲ್ ವಾರ್ಸ್’ ಬರೆದ ಎಚ್. ಜಿ. ವೆಲ್ಸ್ ಆಟದ ಯುದ್ಧವನ್ನು ನಿಜಯುದ್ಧಕ್ಕೆ ಮದ್ದೆಂದೇ ಹೊಗಳಿದರು. ಮರುವರ್ಷವೇ ಮಹಾಯುದ್ಧ ಬಂತು.

ವಿಚಿತ್ರವೆಂದರೆ, ಹಿಂಸೆಯನ್ನು ಸೈನ್ಯದಲ್ಲಿ ಹುಡುಕುವವರು ಕುಂಚವನ್ನು ನೋಡುವುದಿಲ್ಲ. ಈ ಕಲೆಯವರು ಮೆಚ್ಚುವ ‘ಕೊಲಿನ್ಸ್ಕಿ’ ಕುಂಚದ ತುದಿ, ಸೈಬೀರಿಯದ ಮುಂಗುಸಿಯಂಥ ಒಂದು ಪ್ರಾಣಿಯ ಬಾಲದ ಕೂದಲು. ಅಲ್ಲಿ ಹೋದದ್ದು ನಿಜವಾದ ಪ್ರಾಣ. ಕೃತಕ ಎಳೆಯ ಕುಂಚಗಳೂ ಅಂಗಡಿಗಳಲ್ಲಿ ದೊರೆಯುತ್ತವೆ. ತುದಿ ಬೇಗ ಬಾಗುತ್ತದೆ, ಅಷ್ಟೆ.