ಹೊಟ್ಟೆ ಇರೋ ಬ್ರಷ್ ಬೇಕು ಸ್ವಾಮೀ

ಆನ್‌ಲೈನ್‌ನಲ್ಲಿ ‘ಟ್ರಾವೆಲ್ ಬ್ರಷ್’ ಅಂತ ಹುಡುಕಿದರೆ ಮೊದಲು ಕಣ್ಣಿಗೆ ಬೀಳೋದು ವಾಟರ್ ಬ್ರಷ್. ನೋಡೋಕೆ ಸ್ಕೆಚ್ ಪೆನ್ ಥರ. ಪ್ಲಾಸ್ಟಿಕ್ ಹಿಡಿ, ತುದಿಯಲ್ಲಿ ನೈಲಾನ್ ಕೂದಲು, ಹಿಡಿಯನ್ನು ಮೆಲ್ಲಗೆ ಅದುಮಿದರೆ ಒಳಗೆ ತುಂಬಿಟ್ಟ ನೀರು ಕೂದಲಿಗೆ ಇಳಿಯುತ್ತೆ. ಲೋಟ ಬೇಡ, ಬಾಟಲಿ ಬೇಡ, ಬೆಲೆಯೂ ಕೆಲವು ನೂರು ರೂಪಾಯಿ ಅಷ್ಟೇ. ಪೆಂಟೆಲ್, ಕುರೆಟಾಕೆ, ಸಕುರಾದಂಥ ಜಪಾನಿ ಕಂಪನಿಗಳಿಂದ ಹಿಡಿದು ನಮ್ಮಲ್ಲಿನ ಸ್ಟೇಷನರಿ ಬ್ರಾಂಡ್‌ಗಳವರೆಗೆ ಎಲ್ಲರೂ ಮಾರುತ್ತಾರೆ. ಶನಿವಾರ ನಸುಕಿಗೆ ಬೆಂಗಳೂರು ಬಿಟ್ಟು ನಂದಿ, ಚಿಂತಾಮಣಿ, ಗೌರಿಬಿದನೂರು ಅಂತ ಸುತ್ತಿ ಭಾನುವಾರ ರಾತ್ರಿ ವಾಪಸ್ ಬರುವ ನಮ್ಮಂಥ ವಾರಾಂತ್ಯದ ಚಿತ್ರಕಾರರಿಗೆ ಹೇಳಿ ಮಾಡಿಸಿದ ಹಾಗೆ ಕಾಣುತ್ತೆ. ನನ್ನ ತಕರಾರು ಅದರ ಗುಣಮಟ್ಟದ್ದಲ್ಲ. ನಾವು ಎಂಥ ಚಿತ್ರ ಬಿಡಿಸಬೇಕು ಅನ್ನೋದನ್ನ ಅದು ನಮಗಿಂತ ಮೊದಲೇ ತೀರ್ಮಾನ ಮಾಡಿಬಿಟ್ಟಿರುತ್ತೆ. ಅದೇ ತಕರಾರು.

ಹೇಗೆ ಅಂತ ನೋಡಿ. ಒಳ್ಳೆ ಜಲವರ್ಣದ ಬ್ರಷ್ಷಿಗೆ ಎರಡು ಅಂಗ ಮುಖ್ಯ: ಹೊಟ್ಟೆ ಮತ್ತು ತುದಿ. ಕೂದಲ ಗುಚ್ಛದ ಮಧ್ಯ ಉಬ್ಬಿರುವ ಭಾಗವೇ ಹೊಟ್ಟೆ. ಕೂದಲು ಕೂದಲಿನ ನಡುವಿನ ಸಂದಿಯಲ್ಲಿ ಬಣ್ಣದ ನೀರು ನಿಂತುಕೊಳ್ಳೋದು ಅಲ್ಲಿ. ಹತ್ತನೇ ನಂಬರಿನ ಒಂದು ಹೊಟ್ಟೆವಂತ ರೌಂಡ್ ಬ್ರಷ್ಷನ್ನ ಸರಿಯಾಗಿ ಅದ್ದಿಕೊಂಡರೆ ಅಂಗೈ ಅಗಲದ ಆಕಾಶವನ್ನ ಮತ್ತೆ ಅದ್ದದೇ ಮುಗಿಸಬಹುದು. ವಾಟರ್ ಬ್ರಷ್ಷಿನಲ್ಲಿ ನೀರು ಹಿಡಿಯಲ್ಲಿದೆ, ಬಣ್ಣ ತುದಿಯಲ್ಲಿದೆ. ತುದಿಯ ಬಣ್ಣ ಖಾಲಿಯಾಗುತ್ತಿದ್ದ ಹಾಗೆ ಹಿಂದಿನಿಂದ ಬರೀ ನೀರು ಬಂದು ಸೇರುತ್ತೆ. ಗಾಢವಾಗಿ ಶುರುವಾದ ಗೆರೆ ಎರಡು ಇಂಚು ಹೋಗೋಷ್ಟರಲ್ಲಿ ಪೇಲವ. ಹಾಗಾಗಿ ದೊಡ್ಡ ಜಾಗಕ್ಕೆ ಒಂದೇ ಸಮನಾಗಿ ಬಣ್ಣ ಹರಿಸೋದು ಬಹಳ ಕಷ್ಟ. ಆಮೇಲೆ ಮನುಷ್ಯ ಏನು ಮಾಡ್ತಾನೆ? ಮೊದಲು ಕಪ್ಪು ಪೆನ್ನಲ್ಲಿ ಗೆರೆ ಎಳೀತಾನೆ, ಆಮೇಲೆ ಒಳಗೆ ತೆಳ್ಳಗೆ ಬಣ್ಣ ತುಂಬ್ತಾನೆ. ಇನ್‌ಸ್ಟಾಗ್ರಾಮಿನಲ್ಲಿ ಭೋಗನಂದೀಶ್ವರ ದೇವಸ್ಥಾನದ ಸ್ಕೆಚ್‌ಗಳನ್ನ ಸಾಲಾಗಿ ನೋಡಿ. ಹತ್ತು ಜನ ಬರೆದಿದ್ದರೂ ಒಬ್ಬರೇ ಬರೆದ ಹಾಗಿರುತ್ತೆ. ಕೈ ಬೇರೆ, ಆದರೆ ಬ್ರಷ್ ಒಂದೇ.

ಇದೇನು ಹೊಸ ರೋಗವೂ ಅಲ್ಲ. 1791-92ರಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯದ ಹಿಂದೆ ಬಂದ ರಾಬರ್ಟ್ ಹೋಮ್ ಅನ್ನುವ ಚಿತ್ರಕಾರ ಮೈಸೂರು ಸೀಮೆಯ ಕೋಟೆ-ದುರ್ಗಗಳನ್ನ ಬರೆದು 1794ರಲ್ಲಿ ಪುಸ್ತಕ ಮಾಡಿಸಿದ. ನಂದಿದುರ್ಗ ಬ್ರಿಟಿಷರ ಕೈಸೇರಿದ್ದು 1791ರ ಅಕ್ಟೋಬರಿನಲ್ಲಿ, ಅದೇ ದಂಡಯಾತ್ರೆಯಲ್ಲಿ. ಆ ಕಾಲದ ಸೈನ್ಯದ ಅಧಿಕಾರಿಗಳಿಗೆ ಚಿತ್ರ ಕಲಿಸುತ್ತಿದ್ದದ್ದು ಬೆಟ್ಟದ ಆಕಾರ, ಗೋಡೆಯ ಎತ್ತರ, ಹತ್ತುವ ದಾರಿ ದಾಖಲಿಸೋಕೆ. ಗೆರೆ ಮುಖ್ಯ, ಬಣ್ಣ ಬರೀ ಲೇಪ. ದುರ್ಗ ಹಿಡಿಯಬೇಕಾದವರಿಗೆ ಅದು ಸರಿಯಾದ ವಿಧಾನ. ನಮಗೆ ಯಾವ ಕೋಟೆಯನ್ನೂ ಹಿಡಿಯೋದಿಲ್ಲವಲ್ಲ!

ಈಗ ಈ ಸೀಮೆಯ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಬ್ರಷ್ಷಿನ ಆಯ್ಕೆ ಹವೆಯನ್ನ ನೋಡಿ ಮಾಡಬೇಕಾದ್ದು. ಪ್ರವಾಸದ ಬ್ರಷ್ಷುಗಳ ಬಗ್ಗೆ ನಾವು ನೋಡುವ ವಿಡಿಯೋಗಳೆಲ್ಲ ಬಹುಪಾಲು ತಂಪು ದೇಶದವು. ಅಲ್ಲಿ ಕಾಗದ ಒಣಗೋದೇ ಸಮಸ್ಯೆ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಒಂದೇ ದಿನಕ್ಕೆ ಎರಡು ಹವೆ. ಬೆಳಗ್ಗೆ ಆರೂವರೆಗೆ 1478 ಮೀಟರ್ ಎತ್ತರದ ನಂದಿ ಬೆಟ್ಟದ ಮೇಲೆ ಕೂತರೆ ಮಂಜು ಬಂದು ಕಾಗದವನ್ನೇ ಒದ್ದೆ ಮಾಡುತ್ತೆ. ಹಾಕಿದ ಬಣ್ಣ ಕಾಲು ಗಂಟೆಯಾದರೂ ಹಸಿಯಾಗೇ ಇರುತ್ತೆ. ಅದೇ ದಿನ ಹನ್ನೊಂದೂವರೆಗೆ ಚಿಂತಾಮಣಿ ಹತ್ತಿರದ ಕೈಲಾಸಗಿರಿಯ ಬರಿ ಬಂಡೆ ಎದುರು ಕೂತರೆ, ಬ್ರಷ್ಷನ್ನ ಬಣ್ಣದ ಡಬ್ಬಿಗೆ ಒಯ್ದು ವಾಪಸ್ ತರೋದರೊಳಗೆ ಹಿಂದಿನ ಗೆರೆಯ ಅಂಚು ಒಣಗಿ ಕೂತಿರುತ್ತೆ.

ಜಲವರ್ಣದಲ್ಲಿ ಒಂದು ದೊಡ್ಡ ಪ್ರದೇಶಕ್ಕೆ ಬಣ್ಣ ಹಾಕುವಾಗ ಕಾಗದವನ್ನ ಸ್ವಲ್ಪ ಓರೆ ಹಿಡಿದು, ಕೆಳಗಂಚಿನಲ್ಲಿ ಬಣ್ಣದ ನೀರು ಮಣಿ ಮಣಿಯಾಗಿ ನಿಲ್ಲುವಂತೆ ನೋಡಿಕೊಂಡು, ಆ ಮಣಿಯನ್ನೇ ಕೆಳಗೆ ಎಳೆದುಕೊಂಡು ಹೋಗಬೇಕು. ಮಣಿ ಒಣಗಿತೋ, ಅಲ್ಲೊಂದು ಕಲೆ ಖಾಯಂ. ಬಂಡೆ ಕಾದು ಬಿಸಿಗಾಳಿ ಬೀಸುವಾಗ ಮಣಿಯನ್ನ ಜೀವಂತ ಇಡೋಕೆ ಹೊಟ್ಟೆ ತುಂಬ ನೀರಿರುವ ಬ್ರಷ್ಷೇ ಬೇಕು. ನಂದಿಯ ಮಂಜಿಗೂ ಅದೇ ಬೇಕು, ಕಾರಣ ಮಾತ್ರ ಬೇರೆ. ಅಲ್ಲಿ ಒದ್ದೆ ಕಾಗದದ ಮೇಲೆ ಹಾಕುವ ಬಣ್ಣ ಕಾಗದದ ನೀರಿಗಿಂತ ಗಟ್ಟಿಯಿರಬೇಕು. ಇಲ್ಲದಿದ್ದರೆ ಹೂಕೋಸಿನ ಥರ ಅರಳಿ ಕೆಡುತ್ತೆ. ವಾಟರ್ ಬ್ರಷ್ ಹಿಂದಿನಿಂದ ನೀರು ಬಿಡ್ತಾನೇ ಇರೋದರಿಂದ ಅಲ್ಲಿ ಅದು ಶುದ್ಧ ಶತ್ರು. ಮಂಜನ್ನ ಜಲವರ್ಣದಲ್ಲಿ ಹೇಗೆ ಹಿಡೀಬಹುದು ಅನ್ನೋದಕ್ಕೆ ಕೆ. ವೆಂಕಟಪ್ಪನವರು (1886-1965) ಊಟಿ, ಕೊಡೈಕೆನಾಲ್‌ಗಳಲ್ಲಿ ಬರೆದ ಚಿತ್ರಗಳನ್ನ ನೋಡಬೇಕು. ಪದರದ ಮೇಲೆ ಪದರ, ಅಂಚೇ ಇಲ್ಲ. ಆ ಬೆಟ್ಟಗಳಿಗೆ ಮೊದಲು ಪೆನ್ನಿನ ಗೆರೆ ಎಳೆದಿದ್ದರೆ ಏನುಳಿಯುತ್ತಿತ್ತು ಅಂತ ಯೋಚನೆ ಮಾಡಿ.

ನೀರಿನ ಮಾತು ಬಂತು ಅಂತ ಒಂದು ಹೇಳ್ತೀನಿ. ನಂದಿಯ ಸುತ್ತಲ ಬೆಟ್ಟಗಳಿಂದ ಅರ್ಕಾವತಿ, ಪಾಲಾರ್, ಎರಡು ಪಿನಾಕಿನಿಗಳು ಹುಟ್ಟುತ್ತವೆ ಅಂತ ಓದಿದ್ದೀವಿ. ವರ್ಷದ ಬಹುಪಾಲು ನೋಡೋಕೆ ಸಿಗೋದು ಮರಳು, ಜಾಲಿ. ಇತ್ತೀಚೆಗೆ ಕೆಲವು ಕೆರೆಗಳು ತುಂಬಿವೆ, ಹೆಬ್ಬಾಳ-ನಾಗವಾರ ಕಣಿವೆಯಿಂದ ಸಂಸ್ಕರಿಸಿ ಪಂಪ್ ಮಾಡಿದ ನೀರಿನಿಂದ. ಅಂದರೆ ಚಿಕ್ಕಬಳ್ಳಾಪುರದ ಕಂದವಾರ ಕೆರೆಯ ದಡದಲ್ಲಿ ಕೂತು ನಾವು ಅಷ್ಟು ಶ್ರದ್ಧೆಯಿಂದ ಬರೆಯುವ ನೀಲಿ, ನಾವೇ ಬೆಂಗಳೂರಲ್ಲಿ ಸ್ನಾನ ಮಾಡಿ ಬಿಟ್ಟದ್ದು! ಅದಿರಲಿ, ಲೋಟಕ್ಕೆ ಮನೆಯಿಂದಲೇ ಅರ್ಧ ಲೀಟರ್ ಬಾಟಲಿ ಒಯ್ಯಿರಿ. ನಂದಿಯಲ್ಲಾದರೆ ಕೋತಿಗಳಿಗೆ ಕಾಣದ ಹಾಗೆ.

ಹೊಟ್ಟೆಯೂ ಬೇಕು, ಬ್ಯಾಗಿನಲ್ಲಿ ತುದಿಯೂ ಮುರೀಬಾರದು ಅಂದರೆ ಉಳಿಯೋದು ಪಾಕೆಟ್ ಬ್ರಷ್. ಕೂದಲನ್ನ ಮುಚ್ಚುವ ಕೊಳವೆಯನ್ನೇ ತೆಗೆದು ಹಿಂದಕ್ಕೆ ಸಿಕ್ಕಿಸಿದರೆ ಅದೇ ಹಿಡಿ. ಜರ್ಮನಿಯ ಡಾ ವಿಂಚಿ, ಸ್ಪೇನಿನ ಎಸ್ಕೋಡಾ, ಇಂಗ್ಲೆಂಡಿನ ರೋಸ್‌ಮೇರಿ ಇದಕ್ಕೆ ಹೆಸರುವಾಸಿ. ಕೈಯಲ್ಲಿ ಹಿಡಿದರೆ ಒಳ್ಳೆ ಫೌಂಟನ್ ಪೆನ್ ಹಿಡಿದ ಸುಖ, ಬೆಲೆಯೂ ಹಾಗೇ. ಇಲ್ಲಿ ಎದುರಾಗುವ ಪ್ರಶ್ನೆ ಕೂದಲು ಯಾರದ್ದು ಅನ್ನೋದು. ಜಲವರ್ಣದವರು ಕಣ್ಣರಳಿಸಿ ಹೇಳುವ ‘ಕೊಲಿನ್ಸ್ಕಿ’ ಅಂದರೆ ಸೈಬೀರಿಯನ್ ವೀಸಲ್ ಅನ್ನುವ ಪ್ರಾಣಿಯ ಬಾಲದ ಕೂದಲು. ನೀರು ಹಿಡಿಯೋದರಲ್ಲಿ, ಚೂಪು ತುದಿಗೆ ಮರಳೋದರಲ್ಲಿ ಅದಕ್ಕೆ ಸಮ ಇಲ್ಲ ಅನ್ನೋದು ನಿಜ. ಆ ಪ್ರಾಣಿ ನಮ್ಮ ಹಿಮಾಲಯದಲ್ಲೂ ಇದೆ. ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಅಂತಾರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಮೂರನೇ ಪಟ್ಟಿಗೆ ಅದನ್ನ ಸೇರಿಸಿದ್ದೇ ಭಾರತ.

ನಮ್ಮ ಮನೆ ಬಾಗಿಲಿನ ಕಥೆ ಇನ್ನೂ ಹತ್ತಿರದ್ದು. ಭಾರತದ ಬ್ರಷ್ ಅಂಗಡಿಗಳಲ್ಲಿ ಬಹಳ ಕಾಲ ‘ನ್ಯಾಚುರಲ್ ಹೇರ್’ ಅನ್ನುವ ಹೆಸರಲ್ಲಿ ಮಾರಾಟವಾದದ್ದರಲ್ಲಿ ಮುಂಗುಸಿ ಕೂದಲೂ ಇತ್ತು. ಉತ್ತರ ಪ್ರದೇಶದ ಬಿಜ್ನೋರ್ ಜಿಲ್ಲೆಯ ಶೇರ್‌ಕೋಟ್ ಬ್ರಷ್ ತಯಾರಿಕೆಗೇ ಹೆಸರಾದ ಊರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮುಂಗುಸಿ ಕೂದಲಿನ ವ್ಯಾಪಾರ ಅಪರಾಧ. 2019ರಲ್ಲಿ ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೋ ‘ಆಪರೇಷನ್ ಕ್ಲೀನ್ ಆರ್ಟ್’ ಅಂತ ಹಲವು ರಾಜ್ಯಗಳಲ್ಲಿ ಒಟ್ಟಿಗೇ ದಾಳಿ ಮಾಡಿ ರಾಶಿ ರಾಶಿ ಬ್ರಷ್ ಹಿಡಿಯಿತು. ಈ ಕೂದಲನ್ನ ಕತ್ತರಿಸಿ ಪ್ರಾಣಿಯನ್ನ ಬಿಡ್ತಾರೆ ಅಂತ ಯಾರಾದರೂ ಅಂದರೆ ನಂಬಬೇಡಿ. ಕೊಂದೇ ತೆಗೆಯೋದು. ಚಿಂತಾಮಣಿಯಿಂದ ಶಿಡ್ಲಘಟ್ಟಕ್ಕೆ ಹೋಗುವ ರಸ್ತೆಯಲ್ಲಿ, ಹಿಪ್ಪುನೇರಳೆ ತೋಟಗಳ ಬದುವಿನಿಂದ ಮುಂಗುಸಿ ಅಡ್ಡ ಓಡೋದು ನೀವೂ ನೋಡಿರ್ತೀರಿ. ಮುಂಗುಸಿ ಕಂಡರೆ ಒಳ್ಳೆ ಶಕುನ ಅಂತ ನಮ್ಮಜ್ಜಿ ಕಾಲದಿಂದ ಕೇಳಿದ್ದು. ಅದರ ಬಾಲವನ್ನೇ ಜೇಬಲ್ಲಿಟ್ಟುಕೊಂಡು ಅದು ಓಡಾಡೋ ಹೊಲ ಬರೆಯೋದರಲ್ಲಿ ಏನೋ ಅಸಹ್ಯ ಇದೆ, ಚಿತ್ರ ಎಷ್ಟೇ ಚೆನ್ನಾಗಿ ಬರಲಿ. ಕಂದು-ಕೆನೆ ಪಟ್ಟೆಯ ಒರಟು ಕೂದಲಿದ್ದು, ಏನು ಕೂದಲು ಅಂತ ಬರೆದಿರದ ಬ್ರಷ್ಷನ್ನ ಅಂಗಡಿಯಲ್ಲೇ ಬಿಟ್ಟು ಬನ್ನಿ. ಪಟ್ಟೆ ಹಚ್ಚಿದ ಸಿಂಥೆಟಿಕ್ ಕೂಡ ಇರುತ್ತೆ, ಕಣ್ಣಲ್ಲಿ ಗೊತ್ತು ಹಿಡಿಯೋದು ಸುಲಭ ಅಲ್ಲ. ಸಿಂಥೆಟಿಕ್ ಅಂತ ಸ್ಪಷ್ಟವಾಗಿ ಬರೆದಿರೋದನ್ನೇ ಕೊಳ್ಳೋದು ಕ್ಷೇಮ.

ಸಿಂಥೆಟಿಕ್ ಅಂದರೆ ಎರಡನೇ ದರ್ಜೆ ಅನ್ನೋ ಮಾತು ಹಳೇದಾಯ್ತು. ಮೊದಲಿನ ನೈಲಾನ್ ಬ್ರಷ್ಷುಗಳು ನೀರನ್ನ ಒಂದೇ ಸಲ ಸುರಿದುಬಿಡುತ್ತಿದ್ದವು, ನಿಜ. ಈಗ ಅಳಿಲ ಕೂದಲನ್ನ ಅನುಕರಿಸುವ ಮೆತ್ತನೆ ಸಿಂಥೆಟಿಕ್ ಬಂದಿದೆ. ಡಾ ವಿಂಚಿಯ ಕಸಾನಿಯೊ ಒಂದು ಉದಾಹರಣೆ. ಹೊಟ್ಟೆ ದೊಡ್ಡದು, ನೀರು ನಿಧಾನಕ್ಕೆ ಬಿಡುತ್ತೆ. ಆದರೆ ಬೆನ್ನು ಸ್ವಲ್ಪ ಸೋಮಾರಿ, ಬಾಗಿಸಿದರೆ ಬಾಗೇ ಇರುತ್ತೆ. ಆಕಾಶಕ್ಕೆ, ಬಂಡೆಗೆ ಅದು ಸಾಕು. ಕಿಟಕಿ ಕಂಬಿ ಬರೆಯೋಕೆ ಆಗಲ್ಲ.

ಅಷ್ಟು ದುಡ್ಡು ಯಾಕೆ ಅನ್ನೋರಿಗೆ ನನ್ನ ಶಿಫಾರಸು ಹ್ಯಾಕ್ಸಾ ಬ್ಲೇಡು. ಹತ್ತನೇ ನಂಬರಿನ ಸಾಮಾನ್ಯ ಸಿಂಥೆಟಿಕ್ ರೌಂಡ್ ಬ್ರಷ್ ತಗೊಂಡು, ಹಿಡಿಯನ್ನ ನಿಮ್ಮ ಬಣ್ಣದ ಡಬ್ಬಿಯ ಉದ್ದಕ್ಕೆ ಗರಗಸದಲ್ಲಿ ಕತ್ತರಿಸಿ. ಕತ್ತರಿಸಿದ ತುದಿ ಉಜ್ಜಿ ನೈಲ್ ಪಾಲಿಶ್ ಹಚ್ಚಿ, ಇಲ್ಲದಿದ್ದರೆ ಮರ ನೀರು ಕುಡಿದು ಉಬ್ಬುತ್ತೆ. ಬ್ರಷ್ಷಿನ ಜೊತೆ ಬರುವ ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯನ್ನ ಮತ್ತೆ ಮುಂದಿನಿಂದ ತೂರಿಸಬೇಡಿ, ಒಂದೆರಡು ಕೂದಲು ಮಡಚಿಕೊಂಡು ತುದಿ ಶಾಶ್ವತವಾಗಿ ಕೆಡುತ್ತೆ. ಸಣ್ಣ ಬಿದಿರು ಚಾಪೆಯಲ್ಲಿ ಸುತ್ತಿದರೆ ಗಾಳಿಯೂ ಆಡುತ್ತೆ, ಕೂದಲಿಗೂ ಪೆಟ್ಟಾಗಲ್ಲ. ಒಟ್ಟು ಖರ್ಚು ಎರಡು ಕಾಫಿ, ಒಂದು ಕ್ರೋಸಾಂಟ್‌ನಷ್ಟು. ಇಂದಿರಾನಗರದ ಲೆಕ್ಕದಲ್ಲಿ.

ಇಷ್ಟೆಲ್ಲ ಬೈದ ಮೇಲೆ ವಾಟರ್ ಬ್ರಷ್ಷಿಗೆ ನ್ಯಾಯ ಸಲ್ಲಿಸಬೇಕಾದ ಒಂದು ಜಾಗ ಇದೆ: ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆ. ಅಲ್ಲಿ ಕೂರೋಕೆ ಜಾಗ ಇಲ್ಲ, ಲೋಟ ಇಡೋಕಂತೂ ಇಲ್ಲವೇ ಇಲ್ಲ. ಗೂಡು ತಂದ ರೈತರು, ಕೈಯಲ್ಲಿ ಎತ್ತಿ ತೂಗಿ ನೋಡುವ ರೀಲರುಗಳು, ಮೊಬೈಲ್ ಹಿಡಿದು ಓಡಾಡುವವರು. ಮಧ್ಯೆ ಪುಸ್ತಕ ಹಿಡಿದು ನಿಂತರೆ “ಏನ್ ಸಾರ್, ಸರ್ವೆನಾ?” ಅಂತ ಒಬ್ಬರು ಕೇಳೇ ಕೇಳ್ತಾರೆ. ಅದರಲ್ಲಿ ತಮಾಷೆ ಅರ್ಧ, ಆತಂಕ ಅರ್ಧ. ಬೆಂಗಳೂರು ಕಡೆಯಿಂದ ಪುಸ್ತಕ ಹಿಡಿದು ಬಂದವರು ಲೇಔಟಿನವರು ಅಂತಲೇ ಈ ಕಡೆಯ ಅನುಭವ. “ಇಲ್ಲಣ್ಣ, ಗೂಡು ಬರೀತಿದೀನಿ” ಅಂದರೆ ಇಣುಕಿ ನೋಡಿ, “ಮಿಶ್ರತಳಿನಾ, ಬೈವೋಲ್ಟೀನಾ?” ಅಂತ ಮುಂದಿನ ಪ್ರಶ್ನೆ. ಮಿಶ್ರತಳಿ ಗೂಡಿಗೆ ಹಳದಿ ಛಾಯೆ, ಬೈವೋಲ್ಟೀನ್ ಬಿಳಿ. ಚಿತ್ರ ನೋಡುವವರಿಂದ ಬಣ್ಣದ ಬಗ್ಗೆ ಇಷ್ಟು ಖಚಿತವಾದ ಪ್ರಶ್ನೆ ಯಾವ ಗ್ಯಾಲರಿಯಲ್ಲೂ ನನಗೆ ಎದುರಾಗಿಲ್ಲ.

ಗೂಡು ಬರೆಯೋದರಲ್ಲಿ ವಾಟರ್ ಬ್ರಷ್ಷಿನ ದೋಷವೇ ಅದರ ಗುಣ. ಗೂಡಿನ ನೆರಳಿನ ಕಡೆ ತುದಿ ಊರಿ, ಬೆಳಕಿನ ಕಡೆಗೆ ತಿರುಗಿಸುತ್ತಾ ಬಂದರೆ, ಬಣ್ಣ ತಾನಾಗೇ ತೆಳುವಾಗಿ ನೀರಾಗಿ ಕಾಗದದ ಬಿಳಿಗೆ ಸೇರಿಹೋಗುತ್ತೆ. ಗೂಡು ದುಂಡಗಾಯ್ತು. ಒಂದಾದ ಮೇಲೊಂದು, ನಿಂತಲ್ಲೇ ಇಪ್ಪತ್ತು ಗೂಡು. ಇದೇ ಕೆಲಸಕ್ಕೆ ನನ್ನ ದೊಡ್ಡ ಹೊಟ್ಟೆಯ ಬ್ರಷ್ ತಂದರೆ, ಪ್ರತಿ ಗೂಡಿಗೂ ಅದ್ದು, ತೊಳಿ, ಒರೆಸು. ಅಷ್ಟರಲ್ಲಿ ಆ ರಾಶಿ ಮಾರಾಟವಾಗಿ ರೀಲರ್ ಮನೆಯ ಬಿಸಿನೀರಿಗೆ ಬಿದ್ದಿರುತ್ತೆ.

ಮೂರನೇ ಬ್ರಷ್ ಕೊಳ್ಳುವಂಥದ್ದಲ್ಲ, ಸವೆದು ಹೋದದ್ದು. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥಕ್ಕೆ ಹೋಗುವಾಗ ಅದನ್ನ ಮರೀಬೇಡಿ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಗೋಲಿಬಾರ್ ಆದ ಜಾಗ ಅದು. ಕರ್ನಾಟಕದ ಜಲಿಯನ್‌ವಾಲಾಬಾಗ್ ಅಂತಾರೆ. ಚಿತ್ರ ಬರೆಯೋರನ್ನ ಹಿಡಿದು ನಿಲ್ಲಿಸೋದು ಅಲ್ಲಿನ ನಾಗರಕಲ್ಲುಗಳು. ಒಂದಲ್ಲ ಎರಡಲ್ಲ, ಸಾಲು ಸಾಲು, ಒಂದಕ್ಕೊಂದು ಒರಗಿಕೊಂಡು. ಇಲ್ಲಿ ಹರಿಯುವ ಬಣ್ಣ ಕೆಲಸಕ್ಕೆ ಬರಲ್ಲ. ಕಲ್ಲು ಒರಟು, ಬಿಸಿಲು ಒಣ. ತುದಿ ಹೋಗಿ ಕೆದರಿದ ಹಳೇ ಬ್ರಷ್ಷನ್ನ ಗಟ್ಟಿ ಬಣ್ಣಕ್ಕೆ ತಾಗಿಸಿ, ಬಟ್ಟೆಗೆ ಒರೆಸಿ, ತರಿ ತರಿ ಕಾಗದದ ಮೇಲೆ ಅಡ್ಡಡ್ಡ ಎಳೆದರೆ ಉಬ್ಬಿಗೆ ಮಾತ್ರ ಬಣ್ಣ ಹತ್ತುತ್ತೆ, ತಗ್ಗು ಬಿಳಿಯಾಗಿ ಉಳಿಯುತ್ತೆ. ಕಾಗದದ ತರಿಯೇ ಕಲ್ಲಿನ ತರಿ. ಅದು ಪೂರ್ತಿ ಒಣಗಿದ ಮೇಲೆ ಅರಿಶಿನ, ಕುಂಕುಮದ ಚುಕ್ಕೆಗಳನ್ನ ಚೂಪು ತುದಿಯ ಬ್ರಷ್ಷಿನಲ್ಲಿ ಇಡಿ. ಅಲ್ಲಿನ ಬಿಸಿಲಲ್ಲಿ ಒಣಗೋಕೆ ಒಂದು ನಿಮಿಷವೂ ಬೇಡ.

ರಾತ್ರಿ ಮನೆಗೆ ಬಂದ ಮೇಲೆ ಒಂದು ಕೆಲಸ ಬಾಕಿ ಇರುತ್ತೆ. ಪಾಕೆಟ್ ಬ್ರಷ್ಷನ್ನ ಮುಚ್ಚಳದಿಂದ ತೆಗೆದು, ತೊಳೆದು, ತುದಿಯನ್ನ ಬೆರಳಲ್ಲಿ ಚೂಪು ಮಾಡಿ, ಮೇಜಿನ ಅಂಚಿನಲ್ಲಿ ಕೂದಲು ಹೊರಗೆ ಚಾಚುವ ಹಾಗೆ ಮಲಗಿಸಿ. ಮುಚ್ಚಿದ ಕೊಳವೆಯಲ್ಲಿ ಒದ್ದೆ ಕೂದಲು ಮುಂದಿನ ಶನಿವಾರದ ಹೊತ್ತಿಗೆ ಮುಗ್ಗಲು ವಾಸನೆ ಹೊಡೆಯುತ್ತೆ.