ಹೆಸರಿಲ್ಲದ ಸ್ಪೀಕರಿನ ಊರು-ಕೇರಿ

ಹಳೆಯ ವಾಲ್ವ್ ರೇಡಿಯೋ ಬಿಚ್ಚಿದಾಗ ಮರದ ಪೆಟ್ಟಿಗೆಗೆ ಬೆಲೆ ಸಿಗುತ್ತದೆ, ವಾಲ್ವ್‌ಗಳಿಗೆ ಗಿರಾಕಿಗಳಿರುತ್ತಾರೆ. ಚೀಟಿ ಉದುರಿ ಕೋನ್ ಹರಿದ ಸ್ಪೀಕರ್ ಮಾತ್ರ ಗುಜರಿಯ ತಕ್ಕಡಿಗೆ ಹೋಗುತ್ತದೆ. ಅಂಥದ್ದೊಂದು ನಿಮ್ಮ ಕೈಗೆ ಬಂದರೆ ಮೊದಲು ಅಂಟನ್ನೂ ಬೆಸುಗೆ ಕಡ್ಡಿಯನ್ನೂ ದೂರ ಇಡಿ. ಅದು ಯಾವ ಜಾತಿಯದು, ಯಾವ ಬಗೆಯ ರೇಡಿಯೋದಲ್ಲಿ ಕೂತಿತ್ತು ಎಂದು ತಿಳಿಯುವ ತನಕ ರಿಪೇರಿಗೆ ಕೈ ಹಾಕಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಬೆನ್ನು ತಿರುಗಿಸಿ ನೋಡಿ. ತಂತಿ ಎರಡೇ ಇದ್ದು, ಹಿಂಭಾಗಕ್ಕೆ ಹಿಡಿದ ಸ್ಕ್ರೂಡ್ರೈವರನ್ನು ಅದು ಜಗ್ಗಿ ಎಳೆದುಕೊಂಡರೆ ಶಾಶ್ವತ ಅಯಸ್ಕಾಂತದ ಸ್ಪೀಕರ್. ತಂತಿ ನಾಲ್ಕಿದ್ದು, ಹಿಂದೆ ಮುಷ್ಟಿಗಾತ್ರದ ಭಾರವಾದ ಕಬ್ಬಿಣದ ಡಬ್ಬಿಯಿದ್ದೂ ಸೆಳೆತ ಇಲ್ಲವೆನ್ನುವಷ್ಟು ಕಡಿಮೆಯಿದ್ದರೆ ನಿಮಗೆ ಸಿಕ್ಕಿರುವುದು ಫೀಲ್ಡ್ ಕಾಯಿಲ್ ಸ್ಪೀಕರ್. ಅದರಲ್ಲಿ ಅಯಸ್ಕಾಂತವೇ ಇಲ್ಲ. ಡಬ್ಬಿಯೊಳಗಿನ ಸಾವಿರಾರು ಸುತ್ತಿನ ತಾಮ್ರದ ತಂತಿಯಲ್ಲಿ ಕರೆಂಟ್ ಹರಿದಾಗ ಮಾತ್ರ ಕಬ್ಬಿಣ ಅಯಸ್ಕಾಂತವಾಗುತ್ತದೆ. ಇದನ್ನರಿಯದೆ ಬರಿಯ ಸೆಲ್ ಮುಟ್ಟಿಸಿ, ಸದ್ದು ಬರಲಿಲ್ಲವೆಂದು ಎಸೆದ ಒಳ್ಳೊಳ್ಳೆಯ ಸ್ಪೀಕರ್‌ಗಳನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಜನರಲ್ ಎಲೆಕ್ಟ್ರಿಕ್ ಕಂಪನಿಯ ರೈಸ್ ಮತ್ತು ಕೆಲಾಗ್ 1925ರಲ್ಲಿ ಇಂದಿಗೂ ನಾವು ಬಳಸುತ್ತಿರುವ ಮಾದರಿಯ ಕೋನ್ ಸ್ಪೀಕರನ್ನು ರೂಪಿಸಿದಾಗ, ಅದಕ್ಕೆ ಬೇಕಾದಷ್ಟು ಬಲದ ಅಯಸ್ಕಾಂತ ಅಗ್ಗವಾಗಿ ಸಿಗುತ್ತಿರಲಿಲ್ಲ. ಜಪಾನಿನ ಮಿಶಿಮಾ 1931ರಲ್ಲಿ ಕಬ್ಬಿಣ, ನಿಕ್ಕಲ್, ಅಲ್ಯೂಮಿನಿಯಂ ಬೆರೆಸಿ ಬಲವಾದ ಮಿಶ್ರಲೋಹ ಕಂಡುಹಿಡಿದರು. ಅದೇ ದಾರಿಯಲ್ಲಿ ಅಲ್ನಿಕೋ ಎಂಬ ಅಯಸ್ಕಾಂತ ಬಂತು. ಅದು ಎಲ್ಲ ರೇಡಿಯೋಗಳನ್ನು ತಲುಪಲು ಎರಡನೇ ಮಹಾಯುದ್ಧ ಮುಗಿಯಬೇಕಾಯಿತು. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದ ‘ಆಕಾಶವಾಣಿ’ ಶುರುಮಾಡಿದ ಕಾಲಕ್ಕೆ ಮನೆಕರೆಂಟಿನ ರೇಡಿಯೋಗಳಲ್ಲಿ ಫೀಲ್ಡ್ ಕಾಯಿಲ್ ಮಾಮೂಲಾಗಿತ್ತು.

ಆ ಕಾಲದ ಎಂಜಿನಿಯರುಗಳ ಜಾಣತನ ಕಾಣುವುದು ಆ ಕಾಯಿಲಿಗೆ ಕರೆಂಟ್ ಒದಗಿಸಿದ ರೀತಿಯಲ್ಲಿ. ಪ್ರತ್ಯೇಕ ಸಪ್ಲೈ ಕೊಡದೆ, ವಾಲ್ವ್‌ಗಳಿಗೆ ಹೋಗುವ ಕರೆಂಟನ್ನೇ ಅದರ ಮೂಲಕ ಹಾಯಿಸಿದರು. ಕಬ್ಬಿಣದ ಮೇಲೆ ಸುತ್ತಿದ ಕಾಯಿಲ್ ಏರಿಳಿತಗಳನ್ನು ತಡೆಯುವುದರಿಂದ ಗುಂಯ್ ಎನ್ನುವ ಸದ್ದೂ ಅಡಗಿತು, ಅಯಸ್ಕಾಂತವೂ ಸಿದ್ಧವಾಯಿತು, ಬೇರೆ ಚೋಕ್ ಕೊಳ್ಳುವ ಖರ್ಚೂ ಉಳಿಯಿತು. ಲೆಕ್ಕ ಹಾಕಿ ನೋಡಿ: 1500 ಓಮ್ ಕಾಯಿಲಿನಲ್ಲಿ 70 ಮಿಲಿ ಆಂಪಿಯರ್ ಹರಿದರೆ 105 ವೋಲ್ಟ್ ಅಲ್ಲೇ ಇಳಿಯುತ್ತದೆ, ಏಳು ವಾಟ್ ಮಿಕ್ಕಿ ಶಕ್ತಿ ಅದಕ್ಕೆ ಸಲ್ಲುತ್ತದೆ. ಇಂಥ ಸ್ಪೀಕರ್ ಕಿತ್ತು, ಆ ಜಾಗದ ತಂತಿಗಳನ್ನು ಸೇರಿಸಿ, ಹೊಸ ಸ್ಪೀಕರ್ ಕೂರಿಸಿದರೆ ಅಷ್ಟೂ ವೋಲ್ಟೇಜ್ ವಾಲ್ವ್‌ಗಳ ಮೇಲೂ ಕೆಪಾಸಿಟರ್‌ಗಳ ಮೇಲೂ ಬೀಳುತ್ತದೆ. ಬದಲಿಸಲೇಬೇಕಾಗಿ ಬಂದರೆ ಕಾಯಿಲಿನಷ್ಟೇ ಓಮಿನ, 15–20 ವಾಟ್ ತಾಳುವ ರೆಸಿಸ್ಟರನ್ನು ಆ ಜಾಗದಲ್ಲಿ ಹಾಕಿ, ಗುಂಯ್‌ಗುಡುವಿಕೆ ತಗ್ಗಿಸಲು ಚೋಕನ್ನೂ ಸೇರಿಸಬೇಕು.

ಆದ್ದರಿಂದ ಮೀಟರ್ ಹಿಡಿದು ಅಳೆಯುವುದೇ ಗುರುತು ಪತ್ತೆಯ ಮುಖ್ಯ ಕೆಲಸ. ಕೋನಿಗೆ ಅಂಟಿದ ವಾಯ್ಸ್ ಕಾಯಿಲ್ ಕೆಲವೇ ಓಮ್ ತೋರಿಸುತ್ತದೆ, 2.4 ಬಂದರೆ ಸುಮಾರು 3 ಓಮಿನ ಸ್ಪೀಕರ್ ಎಂದುಕೊಳ್ಳಿ. ಫೀಲ್ಡ್ ಕಾಯಿಲ್ ಸಾವಿರದ ಆಸುಪಾಸಿನಿಂದ ಎರಡೂವರೆ ಸಾವಿರದವರೆಗೂ ಇರಬಹುದು. 450ರ ಹತ್ತಿರ ಬಂದರೆ ಅಮೆರಿಕದ ಎಸಿ-ಡಿಸಿ ರೇಡಿಯೋದ್ದಿರಬಹುದೇ ಎಂದು ನಾನು ಮೊದಲು ನೋಡುತ್ತೇನೆ. ಅಮೆರಿಕದ್ದೇ ಆದರೆ ಚೌಕಟ್ಟಿನ ಮೇಲೆ ಒತ್ತಿದ ಅಂಕಿಗಳನ್ನು ಹುಡುಕಿ. ಮೊದಲ ಮೂರು ಅಂಕಿ ತಯಾರಕರವು: 220 ಎಂದರೆ ಜೆನ್ಸೆನ್, 285 ರೋಲಾ, 328 ಯೂಟಾ, 465 ಆಕ್ಸ್‌ಫರ್ಡ್. ಆಮೇಲಿನ ಅಂಕಿ ವರ್ಷದ್ದು, ಕೊನೆಯ ಎರಡು ವಾರದ್ದು. 285723 ಎಂದಿದ್ದರೆ ರೋಲಾ, 23ನೇ ವಾರ. ವರ್ಷ 1947 ಅಥವಾ 1957. ಹಿಂದೆ ಫೀಲ್ಡ್ ಕಾಯಿಲ್ ಇದ್ದರೆ 1947 ಎಂದು ಧೈರ್ಯವಾಗಿ ಹೇಳಬಹುದು.

ವಾಯ್ಸ್ ಕಾಯಿಲೇ ನೂರಾರು ಓಮ್ ತೋರಿಸಿದರೆ ಗಾಬರಿಯಾಗಬೇಡಿ. 1950ರ ದಶಕದಲ್ಲಿ ಫಿಲಿಪ್ಸ್ ಕಂಪನಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲದ ರೇಡಿಯೋಗಳಿಗಾಗಿ 800 ಓಮಿನ ಸ್ಪೀಕರ್ ಮಾಡಿತು. ಹೆಸರಾಂತ 9710 ಮಾದರಿಯಲ್ಲೂ ಅಂಥದ್ದಿದೆ. ಅದು ಕೆಟ್ಟದ್ದಲ್ಲ, ಬಲು ಅಪರೂಪದ್ದು. ಮಾಮೂಲಿ ಆಂಪ್ಲಿಫೈಯರಿಗೆ ಜೋಡಿಸಿದರೆ ಪಿಸುಗುಡುತ್ತದೆ ಅಷ್ಟೇ.

ಇನ್ನು ರಿಪೇರಿ. ಫೀಲ್ಡ್ ಕಾಯಿಲ್ ತುಂಡಾಗಿದೆ ಎಂದು ಮೀಟರ್ ಹೇಳಿದರೆ ತಕ್ಷಣ ರಿವೈಂಡಿಂಗ್ ಅಂಗಡಿಗೆ ಒಯ್ಯಬೇಡಿ. ಕೂದಲೆಳೆಯ ತಂತಿ ಹೊರಗಿನ ದಪ್ಪ ತಂತಿಗೆ ಸೇರುವ ಬೆಸುಗೆಯಲ್ಲಿ ಕಿಲುಬು ಹಿಡಿದಿರುವ ಸಾಧ್ಯತೆ ಹೆಚ್ಚು. ಮೇಲಿನ ಬಟ್ಟೆಯ ಸುತ್ತನ್ನು ಮೆಲ್ಲಗೆ ಬಿಚ್ಚಿದರೆ ಕಾಣುತ್ತದೆ. ಹರಿದ ಕೋನಿಗೆ ಅತಿ ತೆಳುವಾದ ಟಿಶ್ಯೂ ಕಾಗದ ಸಾಕು. ಕತ್ತರಿಸದೆ ಕೈಯಲ್ಲೇ ಹರಿದರೆ ಅಂಚು ನಾರುನಾರಾಗಿ ಕೋನಿನಲ್ಲಿ ಬೆರೆಯುತ್ತದೆ. ಫೆವಿಕಾಲಿಗೆ ನೀರು ಬೆರೆಸಿ ಹಾಲಿನಷ್ಟು ತೆಳ್ಳಗೆ ಮಾಡಿಕೊಳ್ಳಿ. ಕೋನ್ ಪೂರ್ತಿ ಅಂಟು ಬಳಿದು ಗಟ್ಟಿಮಾಡುವವರಿದ್ದಾರೆ, ದಯವಿಟ್ಟು ಮಾಡಬೇಡಿ. ಭಾರ ಹೆಚ್ಚಾದಷ್ಟೂ ಸ್ಪೀಕರ್ ಮಂಕಾಗುತ್ತದೆ, ತಾರಸ್ಥಾಯಿ ಸತ್ತುಹೋಗುತ್ತದೆ.

ಕೋನನ್ನು ಎರಡೂ ಬದಿಯಿಂದ ಸಮನಾಗಿ ಒತ್ತಿದಾಗ ಕರಕರ ಎಂದರೆ ವಾಯ್ಸ್ ಕಾಯಿಲ್ ಎಲ್ಲೋ ಉಜ್ಜುತ್ತಿದೆ. ಹಳೆಯವುಗಳಲ್ಲಿ ಕೋನಿನ ನಡುವೆ ಒಂದು ಸ್ಕ್ರೂ ಇರುತ್ತದೆ. ಅದನ್ನು ಸಡಿಲಿಸಿ, ಕಾಯಿಲಿಗೂ ಅದರೊಳಗಿನ ಕಬ್ಬಿಣದ ನಡುಗಂಬಕ್ಕೂ ನಡುವೆ ತೆಳು ಕಾಗದದ ಪಟ್ಟಿಗಳನ್ನು ಸುತ್ತಲೂ ತೂರಿಸಿ, ಬಿಗಿ ಮಾಡಿ, ಪಟ್ಟಿಗಳನ್ನು ಎಳೆದು ತೆಗೆದರೆ ಕಾಯಿಲ್ ನಡುವಿಗೆ ಬರುತ್ತದೆ. ಸಂದಿಯಲ್ಲಿ ಕಬ್ಬಿಣದ ಪುಡಿಯಿದ್ದರೆ ಅಂಟುಪಟ್ಟಿಯ ತುದಿಯಿಂದ ಹೆಕ್ಕಿ. ಅಲ್ನಿಕೋ ಸ್ಪೀಕರಿನ ಅಯಸ್ಕಾಂತವನ್ನು ಮಾತ್ರ ಚೌಕಟ್ಟಿನಿಂದ ಬೇರ್ಪಡಿಸಬೇಡಿ; ಬಿಚ್ಚಿದರೆ ಬಲ ಕುಂದುತ್ತದೆ, ಮತ್ತೆ ಜೋಡಿಸಿದರೂ ಮರಳುವುದಿಲ್ಲ.

ಫೀಲ್ಡ್ ಕಾಯಿಲಿನ ಪಕ್ಕದಲ್ಲಿ ಕೆಲವೇ ಸುತ್ತಿನ ಇನ್ನೊಂದು ಕಾಯಿಲ್ ವಾಯ್ಸ್ ಕಾಯಿಲಿನ ಜೊತೆ ಸಾಲಾಗಿ ಸೇರಿರುವುದುಂಟು. ಗುಂಯ್‌ಗುಡುವ ಸದ್ದಿಗೆ ವಿರುದ್ಧವಾಗಿ ನಿಂತು ಅದನ್ನು ಅಳಿಸುವುದು ಇದರ ಕೆಲಸ. ಇದರ ತುದಿಗಳು ಅದಲುಬದಲಾದರೆ ಸದ್ದು ಹೆಚ್ಚುತ್ತದೆ. ಎರಡೂ ರೀತಿ ಜೋಡಿಸಿ ನೋಡಿ ಯಾವುದು ನಿಶ್ಶಬ್ದವೋ ಅದನ್ನೇ ಉಳಿಸಿಕೊಳ್ಳಿ. ಪ್ರತಿ ಸಲವೂ ಕರೆಂಟ್ ತೆಗೆದು, ಕೆಪಾಸಿಟರ್ ಖಾಲಿಯಾಯಿತೇ ಎಂದು ಮೀಟರಿನಲ್ಲಿ ನೋಡಿದ ಮೇಲೆಯೇ ಕೈಯಿಡಬೇಕು. ಫೀಲ್ಡ್ ಕಾಯಿಲಿನ ತಂತಿಗಳಲ್ಲಿ 300 ವೋಲ್ಟ್ ಇರುವುದು ಮಾಮೂಲು. ರೇಡಿಯೋ ಇಲ್ಲದೆ ಮೇಜಿನ ಮೇಲೆ ಪರೀಕ್ಷಿಸುವವರಿಗೆ 1000 ಓಮ್ ಕಾಯಿಲಿಗೆ 80 ವೋಲ್ಟ್ ಡಿಸಿ ಸಾಕು. ಅರ್ಧ ಗಂಟೆ ಹಾಡಿಸಿ, ಆರಿಸಿ, ಡಬ್ಬಿ ಮುಟ್ಟಿ ನೋಡಿ. ಬೆಚ್ಚಗಿರುವುದು ಸಹಜ, ಕೈಯಿಡಲಾಗದಷ್ಟು ಸುಟ್ಟರೆ ವೋಲ್ಟೇಜ್ ಇಳಿಸಿ.